ನೀರಿನಲ್ಲಿರುವ ಎಮ್ಮೆ ಮತ್ತು ಹಳೆಯ ಸ್ಪೋರ್ಟ್ಸ್ ಕಾರು

ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳ ನೆಲಮಾಳಿಗೆಯಲ್ಲಿ ಈಚೆಗೆ ಒಂದು ದೃಶ್ಯ ಆಗಾಗ ಕಣ್ಣಿಗೆ ಬೀಳುತ್ತದೆ. ನಿತ್ಯ ಕಚೇರಿಗೆ ಹೋಗಿಬರುವ ಕಾರಿನ ಪಕ್ಕದಲ್ಲಿ, ಬೂದುಬಣ್ಣದ ಹೊದಿಕೆಯ ಕೆಳಗೆ, ಮತ್ತೊಂದು ತಗ್ಗಾದ ಕಾರು ಮಲಗಿರುತ್ತದೆ. ಎರಡೇ ಆಸನ, ಮಡಚುವ ಛಾವಣಿ, ಹದಿನೈದಿಪ್ಪತ್ತು ವರ್ಷಗಳ ವಯಸ್ಸು. ಹೊಸದಾಗಿದ್ದಾಗ ಅರ್ಧ ಕೋಟಿಯ ಆಸುಪಾಸಿನಲ್ಲಿದ್ದ ಈ ವಾಹನ ಇಂದು ಮಧ್ಯಮ ದರ್ಜೆಯ ಹೊಸ ಕಾರೊಂದರ ಬೆಲೆಗೆ ದೊರೆಯುತ್ತದೆ. ಅದನ್ನು ಕೊಂಡವರು ಹೆಚ್ಚಾಗಿ ಮೂವತ್ತು–ನಲವತ್ತರ ನಡುವಿನ ವೃತ್ತಿಪರರು. ದೆಹಲಿಯಲ್ಲೋ ಚಂಡೀಗಢದಲ್ಲೋ ಇರುವ ಕಾರಿನ ಇಪ್ಪತ್ತು ಛಾಯಾಚಿತ್ರಗಳನ್ನೂ ಎರಡು ನಿಮಿಷದ ವಿಡಿಯೊವನ್ನೂ ಮೊಬೈಲಿನಲ್ಲಿ ನೋಡಿ, ಮುಂಗಡ ಕಳುಹಿಸಿ, ಲಾರಿಯ ಮೇಲೆ ತರಿಸಿಕೊಳ್ಳುತ್ತಾರೆ. ಕಾರನ್ನು ಮೊದಲ ಬಾರಿಗೆ ಮುಟ್ಟಿ ನೋಡುವುದು ಅದು ಲಾರಿಯಿಂದ ಇಳಿದ ದಿನ.

ಇದಕ್ಕೆ ಅವರು ಕೊಡುವ ಹೆಸರು ‘ಪ್ರಾಜೆಕ್ಟ್ ಕಾರ್’. ಕೊಡುವ ಸಮರ್ಥನೆಯೂ ಮೇಲ್ನೋಟಕ್ಕೆ ತರ್ಕಬದ್ಧವಾಗಿಯೇ ಇದೆ. ಇದು ಓಡಾಟಕ್ಕೆ ಕೊಂಡ ವಾಹನವಲ್ಲ, ಮೋಜಿಗೆ ಕೊಂಡದ್ದು. ಹೇಗಿದ್ದರೂ ಬಿಚ್ಚಿ ಸರಿಪಡಿಸುವುದೇ ಉದ್ದೇಶವಾಗಿರುವಾಗ, ಏನು ಕೆಟ್ಟಿದೆ ಎಂದು ಮೊದಲೇ ಹಣ ಕೊಟ್ಟು ಪರೀಕ್ಷೆ ಮಾಡಿಸುವುದು ಏಕೆ? ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ಓದಿದಂತಾಗುವುದಿಲ್ಲವೇ?

ಈ ವಾದವನ್ನು ಒಮ್ಮೆಲೇ ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಮೋಜು ಎಂಬುದು ಅರ್ಥಶಾಸ್ತ್ರಕ್ಕೆ ನಿಷಿದ್ಧವಾದ ಪದವಲ್ಲ. ಒಬ್ಬರು ವೀಣೆ ಕಲಿಯಲು, ಇನ್ನೊಬ್ಬರು ಹಿಮಾಲಯ ಹತ್ತಲು ಖರ್ಚು ಮಾಡುತ್ತಾರೆ. ಅದರಿಂದ ಲಾಭವೇನೆಂದು ಯಾರೂ ಕೇಳುವುದಿಲ್ಲ. ರವಿವಾರ ಬೆಳಿಗ್ಗೆ ಕೈಗೆ ಗ್ರೀಸು ಮೆತ್ತಿಕೊಂಡು ಎಂಜಿನ್ನಿನೊಳಗೆ ತಲೆ ಹುದುಗಿಸುವುದರಲ್ಲಿ ಒಬ್ಬನಿಗೆ ಸುಖವಿದ್ದರೆ, ಆ ಸುಖಕ್ಕೆ ಅವನು ತೆರುವ ಬೆಲೆ ಅವನ ಇಚ್ಛೆ. ದಿನವಿಡೀ ಗಣಕಯಂತ್ರದ ಪರದೆಯ ಮುಂದೆ ಕುಳಿತು, ಕೈಗೆ ಸಿಕ್ಕದ ಸರಕನ್ನು ತಯಾರಿಸುವ ಪೀಳಿಗೆಗೆ ಕೈಯಿಂದ ಮಾಡುವ ಕೆಲಸದ ಹಂಬಲ ಹುಟ್ಟಿರುವುದು ಆರೋಗ್ಯಕರವೆಂದೇ ನನ್ನ ಭಾವನೆ. ಬೆಂಗಳೂರಿಗಂತೂ ಇದು ತೀರ ಪರಕೀಯವಾದ ಹವ್ಯಾಸವೂ ಅಲ್ಲ. ಇಲ್ಲಿನ ಸಿಪಾನಿ ಕಂಪನಿಯ ಫೈಬರ್ ಮೈಯ ಪುಟ್ಟ ‘ಡಾಲ್ಫಿನ್’ 1980ರ ದಶಕದ ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. 1990ರ ದಶಕದ ಕೊನೆಯಲ್ಲಿ ಬಂದ, ರೆನೋ ಎಂಜಿನ್ನಿನ, ಎರಡು ಆಸನಗಳ ‘ಸ್ಯಾನ್ ಸ್ಟಾರ್ಮ್’ ಕೂಡ ಇಲ್ಲಿನ ಸಂಸ್ಥೆಯೊಂದರ ಸಾಹಸವೇ.

ಆದರೆ ಪರೀಕ್ಷಿಸದೆ ಕೊಳ್ಳುವ ಈ ವಾದದಲ್ಲಿ ಒಂದು ಗೊಂದಲ ಅಡಗಿದೆ. ಕೆಟ್ಟಿರುವ ಯಂತ್ರವನ್ನು ಕೊಳ್ಳುವುದು ಒಂದು ವಿಷಯ. ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿಯದೆ ಕೊಳ್ಳುವುದು ಮತ್ತೊಂದು. ಪರೀಕ್ಷೆಯ ಮುಖ್ಯ ಪ್ರಯೋಜನ ಎಂಜಿನ್ನಿನ ದೋಷವನ್ನು ಕಂಡುಹಿಡಿಯುವುದಲ್ಲ, ಮಾರುವವನು ಎಂಥವನೆಂದು ಕಂಡುಕೊಳ್ಳುವುದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡಬೇಡ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಸೇವೆಯ ಆರಂಭದ ವರ್ಷಗಳಲ್ಲಿ ದನಗಳ ಜಾತ್ರೆಯ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯಂಥ ಜಾತ್ರೆಗಳನ್ನು ಕಂಡವರಿಗೆ ಅಲ್ಲಿನ ಪದ್ಧತಿ ತಿಳಿದಿರುತ್ತದೆ. ಕೊಳ್ಳುವ ರೈತ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿ ಕೂಡಿದೆಯೋ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ, ನಡೆಸುತ್ತಾನೆ, ಸಾಧ್ಯವಾದರೆ ನೊಗಕ್ಕೆ ಕಟ್ಟಿಸಿ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ನಾನು ಗಮನಿಸಿದ್ದೆಂದರೆ, ಅನುಭವಿ ರೈತನ ಒಂದು ಕಣ್ಣು ಎತ್ತಿನ ಮೇಲಿದ್ದರೆ ಇನ್ನೊಂದು ಕಣ್ಣು ಮಾರುವವನ ಮುಖದ ಮೇಲಿರುತ್ತಿತ್ತು. ಹಲ್ಲು ತೋರಿಸಲು ಹಿಂಜರಿಯುವವನ ಎತ್ತಿನ ಹಲ್ಲನ್ನು ಎಣಿಸುವ ಅಗತ್ಯವೇ ಅವನಿಗಿರಲಿಲ್ಲ.

ಇದೇ ತಿಳಿವಳಿಕೆ ಅರ್ಥಶಾಸ್ತ್ರದ ಪಠ್ಯದೊಳಗೆ ಪ್ರವೇಶ ಪಡೆದದ್ದು 1970ರಲ್ಲಿ. ಅದೂ ಹಳೆಯ ಕಾರಿನ ಮಾರುಕಟ್ಟೆಯ ಮೂಲಕ. ಜಾರ್ಜ್ ಅಕರ್ಲಾಫ್ ಎಂಬ ಯುವ ಅರ್ಥಶಾಸ್ತ್ರಜ್ಞ ಬರೆದ ‘ದಿ ಮಾರ್ಕೆಟ್ ಫಾರ್ ಲೆಮನ್ಸ್’ ಎಂಬ ಪುಟ್ಟ ಪ್ರಬಂಧವನ್ನು ಮೂರು ಪ್ರತಿಷ್ಠಿತ ನಿಯತಕಾಲಿಕಗಳು ಹಿಂದಿರುಗಿಸಿದ್ದವು. ವಿಷಯ ತೀರ ಕ್ಷುಲ್ಲಕವೆಂಬುದು ಒಂದೆರಡರ ಆಕ್ಷೇಪ. ಕೊನೆಗೆ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ ಅದನ್ನು ಪ್ರಕಟಿಸಿತು. 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ಅಕರ್ಲಾಫ್ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ಅಮೆರಿಕದ ಆಡುಮಾತಿನಲ್ಲಿ ‘ಲೆಮನ್’, ಅಂದರೆ ನಿಂಬೆಹಣ್ಣು, ಎಂದರೆ ಕೆಟ್ಟ ಕಾರು. ನಮ್ಮಲ್ಲಿ ಅದೇ ನಿಂಬೆಹಣ್ಣನ್ನು ಹೊಸ ಕಾರಿನ ಚಕ್ರದ ಕೆಳಗಿಟ್ಟು ಶುಭ ಕೋರುತ್ತೇವೆ, ಹಳ್ಳಿಗೆ ಬಂದ ಅಧಿಕಾರಿಯ ಕೈಗೆ ಗೌರವದಿಂದ ಕೊಡುತ್ತೇವೆ. ಈ ವೈಚಿತ್ರ್ಯ ನನ್ನನ್ನು ವಿದ್ಯಾರ್ಥಿ ದೆಸೆಯಿಂದಲೂ ನಗಿಸುತ್ತ ಬಂದಿದೆ.

ಅಕರ್ಲಾಫ್ ಅವರ ತರ್ಕ ಸರಳ. ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗ್ರಾಹಕ ಎರಡಕ್ಕೂ ನಡುವಣ ಬೆಲೆಯನ್ನಷ್ಟೇ ಕೊಡಲು ಸಿದ್ಧನಿರುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಮಾರುಕಟ್ಟೆಯಲ್ಲಿ ಉಳಿದವುಗಳ ಸರಾಸರಿ ಗುಣ ಇಳಿಯುತ್ತದೆ. ಅದನ್ನರಿತ ಗ್ರಾಹಕ ಬೆಲೆಯನ್ನು ಇನ್ನಷ್ಟು ಇಳಿಸುತ್ತಾನೆ. ಹೀಗೆ ಇಳಿಯುತ್ತ ಹೋಗಿ ಕೊನೆಗೆ ಉಳಿಯುವುದು ನಿಂಬೆಹಣ್ಣುಗಳು ಮಾತ್ರ. ಹಾಗಾದರೆ ಈ ಕುಸಿತವನ್ನು ತಡೆಯುವುದು ಯಾವುದು? ತನ್ನಲ್ಲಿರುವುದನ್ನು ತೋರಿಸಿಕೊಡಬಲ್ಲ ಮಾರಾಟಗಾರ ಮತ್ತು ತೋರಿಸು ಎಂದು ಕೇಳಬಲ್ಲ ಗ್ರಾಹಕ. “ನಾಳೆ ನನ್ನ ಪರವಾಗಿ ಒಬ್ಬ ಮೆಕ್ಯಾನಿಕ್ ಬರುತ್ತಾನೆ, ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಬಹುದೇ?” ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಅರ್ಧ ಪರೀಕ್ಷೆ ಮುಗಿದಿರುತ್ತದೆ. “ಧಾರಾಳವಾಗಿ ಬನ್ನಿ” ಎನ್ನುವವನದು ಒಂದು ಬಗೆ. “ಇನ್ನಿಬ್ಬರು ಕಾಯುತ್ತಿದ್ದಾರೆ, ಇಂದೇ ಹಣ ಹಾಕಿದರೆ ಮಾತ್ರ” ಎನ್ನುವವನದು ಇನ್ನೊಂದು ಬಗೆ. ಈ ಪ್ರಶ್ನೆ ಕೇಳಲು ಖರ್ಚಿಲ್ಲ. ಮೆಕ್ಯಾನಿಕ್ ನಿಜವಾಗಿ ಹೋದರೂ ತಗಲುವುದು ಕೆಲವು ಸಾವಿರ ರೂಪಾಯಿ.

ಸರ್ಕಾರವೇ ಇದಕ್ಕೊಂದು ನಿದರ್ಶನ. ಹಳೆಯ ಜೀಪು, ಅಂಬಾಸಿಡರ್‌ಗಳ ಹರಾಜು ಪ್ರಕಟಣೆಗಳಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತು ಇದ್ದೇ ಇರುತ್ತದೆ; ಆನಂತರದ ಯಾವ ದೂರಿಗೂ ಅಲ್ಲಿ ಕಿವಿಯಿಲ್ಲ. ಆದರೆ ಅದೇ ಪ್ರಕಟಣೆಯ ಮುಂದಿನ ಸಾಲಿನಲ್ಲಿ, ಬಿಡ್‌ದಾರರು ವಾಹನಗಳನ್ನು ಪರಿಶೀಲಿಸಬಹುದಾದ ದಿನಾಂಕ ಮತ್ತು ವೇಳೆ ನಮೂದಾಗಿರುತ್ತದೆ. ಹೊಣೆಯನ್ನು ಪೂರ್ತಿಯಾಗಿ ಕೊಡವಿಕೊಳ್ಳುವ ಮಾರಾಟಗಾರನೂ ನೋಡುವ ಅವಕಾಶವನ್ನು ನಿರಾಕರಿಸುವುದಿಲ್ಲ.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿ ಬೇಕಾಗುವುದಕ್ಕೆ ಕಾರಣಗಳಿವೆ. ಮೊದಲನೆಯದು ಲೆಕ್ಕಾಚಾರದ್ದು. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಅರ್ಧ ಕೋಟಿಯ ಕಾರನ್ನು ಹತ್ತು ಲಕ್ಷಕ್ಕೆ ಕೊಂಡವನು ಗೇರ್‌ಬಾಕ್ಸ್ ಕೊಳ್ಳುವಾಗ ಅರ್ಧ ಕೋಟಿಯ ಕಾರಿನ ಗೇರ್‌ಬಾಕ್ಸನ್ನೇ ಕೊಳ್ಳಬೇಕು. ಎರಡನೆಯದು, ಇಂಥ ವಾಹನಗಳು ಕೆಡುವುದು ಓಡಿದ್ದರಿಂದಲ್ಲ, ಹೆಚ್ಚಾಗಿ ನಿಂತದ್ದರಿಂದ. “ಕೇವಲ ಇಪ್ಪತ್ತು ಸಾವಿರ ಕಿಲೋಮೀಟರ್” ಎಂಬುದನ್ನು ಜಾಹೀರಾತು ಹೆಗ್ಗಳಿಕೆಯಾಗಿ ಹೇಳುತ್ತದೆ. ಹದಿನೈದು ವರ್ಷದಲ್ಲಿ ಇಪ್ಪತ್ತು ಸಾವಿರ ಎಂದರೆ ಒಣಗಿದ ರಬ್ಬರ್ ಸೀಲುಗಳು, ನೀರು ಹೀರಿದ ಬ್ರೇಕ್ ದ್ರವ, ಹಳತಾದ ಟೈರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ. 2309 ಎಂದಿದ್ದರೆ ಅದು 2009ರ 23ನೆಯ ವಾರದಲ್ಲಿ ತಯಾರಾದದ್ದು. ಮೇಲ್ಮೈಯ ಗೆರೆಗಳು ಹೊಸದರಂತೆ ಆಳವಾಗಿದ್ದರೂ ಆ ರಬ್ಬರಿಗೆ ವಯಸ್ಸಾಗಿದೆ. ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗಕ್ಕೆಂದು ಹುಟ್ಟಿದ ಕಾರು ಅಂಥ ಟೈರಿನ ಮೇಲೆ ನೈಸ್ ರಸ್ತೆಗೆ ಇಳಿಯುವುದನ್ನು ಕಲ್ಪಿಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಒಂದು ನಿರ್ದಿಷ್ಟ ಉದಾಹರಣೆಯನ್ನು ನೋಡೋಣ. 1996ರಲ್ಲಿ ಹೊರಬಂದ ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ಪೀಳಿಗೆ ಇಂದು ಜಗತ್ತಿನೆಲ್ಲೆಡೆ ಹವ್ಯಾಸಿಗಳ ಅಚ್ಚುಮೆಚ್ಚು. ಚಾಲನೆಯ ದೃಷ್ಟಿಯಿಂದ ಅದೊಂದು ಅಪೂರ್ವ ಯಂತ್ರವೆಂಬುದರಲ್ಲಿ ಎರಡು ಮಾತಿಲ್ಲ. ಅದರ ಎಂಜಿನ್ನಿನ ಒಳಗೆ ‘ಇಂಟರ್‌ಮೀಡಿಯೆಟ್ ಶಾಫ್ಟ್’ ಎಂಬ ದಂಡಕ್ಕೆ ಆಧಾರವಾದ ಒಂದು ಬೇರಿಂಗ್ ಇದೆ. ಅದು ಸವೆದು ಮುರಿದರೆ ಲೋಹದ ಚೂರುಗಳು ಎಣ್ಣೆಯೊಂದಿಗೆ ಎಲ್ಲೆಡೆ ಹರಿದು ಇಡೀ ಎಂಜಿನ್ ನಾಶವಾಗಬಹುದು. ಈ ಕುರಿತು ಅಮೆರಿಕದಲ್ಲಿ ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಾಯಿತು. ಎಲ್ಲ ಕಾರುಗಳಲ್ಲೂ ಹೀಗಾಗುವುದಿಲ್ಲ, ಬಹುಪಾಲು ಕಾರುಗಳಲ್ಲಿ ಆಗಿಲ್ಲ ಎಂಬುದನ್ನೂ ಹೇಳಬೇಕು. ಸಂಭವ ಕಡಿಮೆ, ಸಂಭವಿಸಿದರೆ ನಷ್ಟ ಅಪಾರ ಎಂಬ ವರ್ಗಕ್ಕೆ ಸೇರಿದ ಅಪಾಯವಿದು. ಬಲ್ಲ ಮೆಕ್ಯಾನಿಕ್ ಎಣ್ಣೆಯ ಫಿಲ್ಟರನ್ನು ಕತ್ತರಿಸಿ ತೆರೆದು, ಮಡಿಕೆಗಳ ನಡುವೆ ಮಿನುಗುವ ಕಣಗಳಿವೆಯೇ ಎಂದು ನೋಡುತ್ತಾನೆ. ಅರ್ಧ ಗಂಟೆಯ ಕೆಲಸ.

ಅದೇ ಕಾರಿನ ಇನ್ನೊಂದು ಸಂಗತಿ ಇನ್ನೂ ಬೋಧಪ್ರದ. ಮಡಚುವ ಛಾವಣಿಯ ನೀರು ಹರಿದುಹೋಗಲು ಸಣ್ಣ ನಾಳಗಳಿವೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಅವು ಎಲೆ, ಹೂವಿನ ಪುಡಿಗಳಿಂದ ಕಟ್ಟಿಕೊಳ್ಳುತ್ತವೆ. ನಮ್ಮ ಊರಿನ ಬೀದಿಗಳಲ್ಲಿ ಅದಕ್ಕೆ ಒಂದು ಬೇಸಿಗೆ ಸಾಕು. ಆಗ ಮಳೆಯ ನೀರು ಕಾರಿನೊಳಕ್ಕೆ ಇಳಿದು ಆಸನದ ಕೆಳಗೆ ನಿಲ್ಲುತ್ತದೆ. ಕಳ್ಳತನ ತಡೆಯುವ, ಎಂಜಿನ್ ಚಾಲೂ ಆಗಲು ಅನುಮತಿ ಕೊಡುವ ವಿದ್ಯುನ್ಮಾನ ಪೆಟ್ಟಿಗೆ ಇರುವುದು ಅಲ್ಲಿಯೇ. ಒಂದು ಹಿಡಿ ಕಸದಿಂದ ಕಾರು ನಿಂತಲ್ಲೇ ಕಲ್ಲಾಗುತ್ತದೆ. ನೆಲದ ಹಾಸನ್ನು ಎತ್ತಿ ಕೈಯಿಂದ ಒತ್ತಿ ನೋಡಿದವನಿಗೆ ತೇವ ಗೊತ್ತಾಗುತ್ತದೆ. ಛಾಯಾಚಿತ್ರ ನೋಡಿದವನಿಗೆ ಗೊತ್ತಾಗುವುದಿಲ್ಲ.

ಇನ್ನು ಮುಳುಗಿದ ಕಾರುಗಳು. 2005ರ ಜುಲೈನಲ್ಲಿ ಮುಂಬಯಿ, 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ನಮ್ಮದೇ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳು. ಆ ಸೆಪ್ಟೆಂಬರಿನಲ್ಲಿ ಸಿರಿವಂತರ ವಿಲ್ಲಾಗಳ ಮುಂದೆ ಕುತ್ತಿಗೆಯವರೆಗೆ ಮುಳುಗಿ ನಿಂತಿದ್ದ ಬೆಲೆಬಾಳುವ ಕಾರುಗಳ ಚಿತ್ರಗಳು ಓದುಗರಿಗೆ ನೆನಪಿರಬಹುದು. ವಿಮಾ ಕಂಪನಿ ‘ಪೂರ್ಣ ನಷ್ಟ’ವೆಂದು ಪರಿಹಾರ ಕೊಟ್ಟ ವಾಹನ ಹರಾಜಿನ ಮೂಲಕ ವ್ಯಾಪಾರಿಯ ಕೈ ಸೇರಿ, ತೊಳೆದು, ಒಣಗಿಸಿ, ಸುಗಂಧ ಸಿಂಪಡಿಸಿಕೊಂಡು, ಬೇರೊಂದು ರಾಜ್ಯದಲ್ಲಿ ಪುನರ್ಜನ್ಮ ಪಡೆಯಬಲ್ಲದು. ಇದನ್ನು ಪತ್ತೆಹಚ್ಚಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿದರೆ ಕೊನೆಯ ಒಂದಡಿಯಲ್ಲಿ ನೀರು ನಿಂತ ಗೆರೆ ಕಾಣುತ್ತದೆ. ಆಸನದ ಹಳಿಗಳ ಸಂದಿಯಲ್ಲಿ ಕೆಸರಿನ ಹುಡಿ ಇರುತ್ತದೆ. ಆದರೆ ಸೀಟ್‌ಬೆಲ್ಟ್ ಎಳೆಯಲು ಅಲ್ಲಿಗೆ ಹೋಗಬೇಕು.

ಗಾಳಿಚೀಲದ ಸಂಗತಿ ಇನ್ನೂ ಗಂಭೀರ. ಟಕಾಟ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿನ ಸ್ಫೋಟಕ ರಾಸಾಯನಿಕ ವರ್ಷಗಟ್ಟಲೆಯ ಬಿಸಿ ಮತ್ತು ತೇವದಿಂದ ಕೆಟ್ಟು, ಅಪಘಾತದ ಕ್ಷಣದಲ್ಲಿ ಲೋಹದ ಚೂರುಗಳನ್ನು ಸಿಡಿಸಿ ಜನರನ್ನು ಕೊಂದ ಇತಿಹಾಸವಿದೆ. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಮಂಗಳೂರು, ಚೆನ್ನೈಗಳಂಥ ಕರಾವಳಿಯಲ್ಲಿ ಎರಡು ದಶಕ ಕಳೆದ, ಐದನೆಯ ಮಾಲೀಕನ ಕೈಯಲ್ಲಿರುವ ಕಾರಿಗೆ ಕಂಪನಿಯ ಹಿಂಪಡೆಯುವಿಕೆಯ ಪತ್ರ ತಲಪಿತ್ತೇ ಎಂಬುದನ್ನು ಚಾಸಿ ಸಂಖ್ಯೆ ಹಿಡಿದು ವಿಚಾರಿಸುವುದು ಮೋಜಿಗೆ ಅಡ್ಡಿಯಾದೀತೆಂದು ನಾನು ಭಾವಿಸುವುದಿಲ್ಲ.

ಇಷ್ಟು ಹೇಳಿದ ಮೇಲೂ, ಕಬ್ಬಿಣದ ಅನಿಶ್ಚಿತತೆಯನ್ನು ಸಹಿಸಬಹುದು, ಅದರಲ್ಲಿ ಒಂದು ಸಂತೋಷವನ್ನೂ ಕಾಣಬಹುದು. ಸಹಿಸಲಾಗದ್ದು ಕಾಗದದ ಅನಿಶ್ಚಿತತೆ. ನಮ್ಮ ಬಂಧುಗಳಲ್ಲಿ ಒಬ್ಬ ಯುವಕ ಎರಡು ವರ್ಷಗಳ ಹಿಂದೆ ಉತ್ತರ ಭಾರತದಿಂದ ಇಂಥದೊಂದು ಕಾರನ್ನು ತರಿಸಿದ. “ದೊಡ್ಡಪ್ಪ, ಇದು ಇನ್‌ವೆಸ್ಟ್‌ಮೆಂಟ್ ಅಲ್ಲ, ಪ್ರಾಜೆಕ್ಟು. ಕೆಟ್ಟಿದ್ದಷ್ಟೂ ಕಲಿಯೋದು ಜಾಸ್ತಿ” ಎಂದು ನಗುತ್ತ ಹೇಳಿದ್ದ. ಛಾವಣಿಯ ಮೋಟಾರು, ಕ್ಲಚ್ಚು, ತಣಿಸುವ ನೀರಿನ ಕೊಳವೆಗಳು ಎಂದು ಮೂರು ತಿಂಗಳಲ್ಲಿ ಖರೀದಿ ಬೆಲೆಯ ಅರ್ಧದಷ್ಟು ಖರ್ಚಾಯಿತು. ಅದಕ್ಕೆ ಅವನು ಬೇಸರಪಡಲಿಲ್ಲ. ಪ್ರತಿ ದುರಸ್ತಿಯನ್ನೂ ನನಗೆ ಉತ್ಸಾಹದಿಂದ ವಿವರಿಸುತ್ತಿದ್ದ. ಅವನ ಉತ್ಸಾಹ ಕುಂದಿದ್ದು ಕಾರನ್ನು ಇಲ್ಲಿ ನೋಂದಾಯಿಸಲು ಹೋದಾಗ. ಮೊದಲ ಮಾಲೀಕನ ಸಾಲದ ನಮೂದು ಇನ್ನೂ ನೋಂದಣಿ ದಾಖಲೆಯಲ್ಲಿ ಉಳಿದಿತ್ತು. ಸಾಲ ಕೊಟ್ಟ ಸಂಸ್ಥೆಯೋ ಮತ್ತೊಂದರಲ್ಲಿ ವಿಲೀನವಾಗಿತ್ತು. ಮಾರಿದವನ ದೂರವಾಣಿ ಸ್ತಬ್ಧವಾಗಿತ್ತು. ಎಂಜಿನ್ ಈಗ ಗಡಿಯಾರದಂತೆ ನಡೆಯುತ್ತದೆ. ಕಾರು ಮಾತ್ರ ನೆಲಮಾಳಿಗೆಯಿಂದ ಹೊರಗೆ ಬರುವಂತಿಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಕಾಯಿದೆ, 1988ರ 51ನೆಯ ಕಲಮಿನ ಪ್ರಕಾರ ಸಾಲದ ನಮೂದಿರುವ ವಾಹನದ ವರ್ಗಾವಣೆಗೆ ಸಾಲ ಕೊಟ್ಟವನ ಒಪ್ಪಿಗೆ ಬೇಕು. ಬೇರೆ ರಾಜ್ಯದಿಂದ ತಂದ ವಾಹನವನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ 47ನೆಯ ಕಲಮಿನಂತೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ದೆಹಲಿಯ ಹಳೆಯ ಕಾರುಗಳು ಅಗ್ಗವಾಗಿರುವುದರ ಹಿಂದೆಯೂ ಒಂದು ಕಥೆಯಿದೆ. 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಮತ್ತು ಸುಪ್ರೀಂ ಕೋರ್ಟ್ 2018ರಲ್ಲಿ ಹೇರಿದ ನಿರ್ಬಂಧಗಳಿಂದಾಗಿ, ಮಾಲೀಕರು ವಯಸ್ಸಾದ ವಾಹನಗಳನ್ನು ಹೊರರಾಜ್ಯಗಳಿಗೆ ಸಾಗಹಾಕತೊಡಗಿದರು. 2025ರಲ್ಲಿ ಆ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂದಿತು. ಅಗ್ಗದ ಬೆಲೆಯಲ್ಲಿ ಎಷ್ಟು ಭಾಗ ಕಾರಿನ ವಯಸ್ಸಿಗೆ ಸಂದದ್ದು, ಎಷ್ಟು ಭಾಗ ಅದರ ಕಾಗದದ ತೊಡಕಿಗೆ ಸಂದದ್ದು ಎಂದು ಕೊಳ್ಳುವವನು ಕೇಳಿಕೊಳ್ಳಬೇಕು.

ಇನ್ನೂ ಕೆಟ್ಟ ಸಾಧ್ಯತೆಗಳಿವೆ. 2025ರ ಸೆಪ್ಟೆಂಬರಿನಲ್ಲಿ ಸುಂಕ ಇಲಾಖೆ ಕೇರಳದಲ್ಲಿ ‘ನುಂಖೋರ್’ ಎಂಬ ಹೆಸರಿನ ಕಾರ್ಯಾಚರಣೆ ನಡೆಸಿ, ಭೂತಾನಿನ ಮೂಲಕ ಸುಂಕ ತಪ್ಪಿಸಿ ತರಲಾಗಿದೆ ಎಂಬ ಶಂಕೆಯ ಮೇಲೆ ಹಲವಾರು ಐಷಾರಾಮಿ ವಾಹನಗಳನ್ನು ವಶಪಡಿಸಿಕೊಂಡಿತು. ಕಾರು ಈಗ ಇರುವುದು ಹಣ ಕೊಟ್ಟು ಕೊಂಡವನ ಮನೆಯಲ್ಲಿ ಎಂಬುದು ವಶಪಡಿಸಿಕೊಳ್ಳಲು ಅಡ್ಡಿಯಾಗಲಿಲ್ಲ. ಕದ್ದ ವಾಹನದ ವಿಷಯದಲ್ಲಿಯೂ ಸರಕು ಮಾರಾಟ ಕಾಯಿದೆ, 1930ರ 27ನೆಯ ಕಲಮಿನ ತತ್ತ್ವ ಅದೇ: ಮಾರುವವನಿಗೆ ಇಲ್ಲದ ಹಕ್ಕನ್ನು ಕೊಳ್ಳುವವನು ಪಡೆಯಲಾರ. ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಎಂಜಿನ್ ಬದಲಿಸಿ ಶಕ್ತಿ ಹೆಚ್ಚಿಸುವವರಿಗೆ 52ನೆಯ ಕಲಮು ಅಡ್ಡ ನಿಲ್ಲುತ್ತದೆ. ತಯಾರಕನ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಿಂದಿನ ಮಾಲೀಕ ಮಾಡಿಸಿದ ಮಾರ್ಪಾಡಿಗೂ ಉತ್ತರ ಹೇಳಬೇಕಾದವನು ಇಂದಿನ ಮಾಲೀಕನೇ.

ಕಾನೂನು ಬಲ್ಲ ಓದುಗರೊಬ್ಬರು ಇಲ್ಲಿ ಒಂದು ಕುಶಲ ಪ್ರಶ್ನೆ ಎತ್ತಬಹುದು. ಅದೇ 1930ರ ಕಾಯಿದೆಯ 16ನೆಯ ಕಲಮಿನಲ್ಲಿ, ಸರಕನ್ನು ಪರೀಕ್ಷಿಸಿ ಕೊಂಡವನು ಆ ಪರೀಕ್ಷೆಯಲ್ಲಿ ಕಾಣಬಹುದಾಗಿದ್ದ ದೋಷದ ಬಗ್ಗೆ ಆಮೇಲೆ ದೂರುವಂತಿಲ್ಲ ಎಂಬ ಉಪಬಂಧವಿದೆ. ಹಾಗಿದ್ದರೆ ಪರೀಕ್ಷಿಸದೆ ಕೊಳ್ಳುವುದೇ ಜಾಣತನವಲ್ಲವೇ? ಅಲ್ಲ. ಆ ರಕ್ಷಣೆ ಇರುವುದು ಅಂಥ ಸರಕಿನ ವ್ಯಾಪಾರ ನಡೆಸುವವನಿಂದ ಕೊಂಡಾಗ ಮಾತ್ರ. ಹಳೆಯ ಸ್ಪೋರ್ಟ್ಸ್ ಕಾರುಗಳ ಮಾರಾಟ ನಡೆಯುವುದು ಬಹುಮಟ್ಟಿಗೆ ವ್ಯಕ್ತಿ–ವ್ಯಕ್ತಿಗಳ ನಡುವೆ. ಅಲ್ಲಿ ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಹಳೆಯ ನ್ಯಾಯವೇ ಆಳುತ್ತದೆ.

“ನಷ್ಟವಾದರೆ ನನ್ನದು, ನಿಮಗೇನು?” ಎಂಬ ಮಾತೂ ಪೂರ್ತಿ ನಿಜವಲ್ಲ. ಬ್ರೇಕು ಸೋತರೆ ಎದುರಿಗೆ ಸಿಗುವವನು ದಾರಿಹೋಕ. ಅವನಿಗಿಂತ ಕಡಿಮೆ ಕಣ್ಣಿಗೆ ಬೀಳುವ ಮತ್ತೊಬ್ಬನಿದ್ದಾನೆ, ಪ್ರಾಮಾಣಿಕ ಮಾರಾಟಗಾರ. ನನಗೆ ಪರಿಚಿತರಾದ ಒಬ್ಬ ನಿವೃತ್ತ ವೈದ್ಯರು ತಮ್ಮ ಎರಡಾಸನದ ಕಾರನ್ನು ಹದಿನಾರು ವರ್ಷ ಮಗುವಿನಂತೆ ನೋಡಿಕೊಂಡಿದ್ದರು. ಎಣ್ಣೆ ಬದಲಿಸಿದ ಪ್ರತಿ ರಸೀದಿಯನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಬೆನ್ನುನೋವಿನಿಂದ ಅದರಲ್ಲಿ ಕೂರಲಾಗದೆ ಮಾರಲು ಹೊರಟಾಗ, ಫೋನ್ ಮಾಡಿದ ಹತ್ತಾರು ಮಂದಿಯಲ್ಲಿ ಆ ಫೈಲನ್ನು ನೋಡಲು ಬಯಸಿದವರು ಯಾರೂ ಇರಲಿಲ್ಲ. “ದೆಹಲಿಯಲ್ಲಿ ಇದೇ ಮಾಡೆಲ್ ಇಷ್ಟಕ್ಕೆ ಸಿಗುತ್ತೆ ಸಾರ್, ನೀವು ಎಷ್ಟು ಇಳಿಸ್ತೀರಿ?” ಎಂಬುದೊಂದೇ ಪ್ರಶ್ನೆ. ಅವರು ಕೊನೆಗೆ ಕಾರನ್ನು ಮಾರಲೇ ಇಲ್ಲ. ಅಕರ್ಲಾಫ್ ಅವರ ಪ್ರಬಂಧದಲ್ಲಿ ಸಮೀಕರಣವಾಗಿ ಬರುವ ವ್ಯಕ್ತಿ ನಮ್ಮ ನಡುವೆ ಹೀಗಿರುತ್ತಾನೆ. ಪರೀಕ್ಷಿಸದೆ ಕೊಳ್ಳುವ ಪ್ರತಿಯೊಬ್ಬನೂ ಕಾರನ್ನು ಮುಚ್ಚಿಡುವವನಿಗೆ ಬೆಲೆ ತೆತ್ತು, ತೆರೆದು ತೋರಿಸುವವನನ್ನು ಮಾರುಕಟ್ಟೆಯಿಂದ ಹೊರಗೆ ಕಳುಹಿಸುತ್ತಾನೆ.

ವ್ಯಕ್ತಿಯ ವಿವೇಕದ ಮೇಲಷ್ಟೇ ಎಲ್ಲ ಹೊಣೆಯನ್ನು ಹೊರಿಸುವುದೂ ನ್ಯಾಯವಲ್ಲ. ಬ್ರಿಟನ್ನಿನಲ್ಲಿ ಕಾರು ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ‘ಎಂ.ಓ.ಟಿ.’ ಪರೀಕ್ಷೆಗೆ ಒಳಪಡಬೇಕು. ನೋಂದಣಿ ಸಂಖ್ಯೆ ಗೊತ್ತಿದ್ದ ಯಾರು ಬೇಕಾದರೂ ಆ ಕಾರಿನ ಪರೀಕ್ಷೆಯ ಇತಿಹಾಸವನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಯಾವ ವರ್ಷ ಉತ್ತೀರ್ಣವಾಯಿತು, ಯಾವಾಗ ಯಾವ ಕಾರಣಕ್ಕೆ ಅನುತ್ತೀರ್ಣವಾಯಿತು, ಆ ದಿನ ಓಡೋಮೀಟರ್ ಎಷ್ಟಿತ್ತು, ಎಲ್ಲವೂ ಅಲ್ಲಿದೆ. ಜಪಾನಿನ ಹಳೆಯ ಕಾರುಗಳ ಹರಾಜುಗಳಲ್ಲಿ ಪರಿವೀಕ್ಷಕ ಪ್ರತಿ ಕಾರಿಗೂ ದರ್ಜೆ ಕೊಟ್ಟು, ಗೀರು, ತಗ್ಗುಗಳನ್ನು ನಕ್ಷೆಯ ಮೇಲೆ ಗುರುತಿಸಿದ ಹಾಳೆಯೊಂದನ್ನು ಲಗತ್ತಿಸುತ್ತಾನೆ. ಅಲ್ಲಿನ ಗ್ರಾಹಕ ದೂರದಿಂದ ಕೊಂಡರೂ ಕುರುಡಾಗಿ ಕೊಂಡಂತಾಗುವುದಿಲ್ಲ.

ನಮ್ಮಲ್ಲಿ ಖಾಸಗಿ ಕಾರನ್ನು ಸರ್ಕಾರ ಪರೀಕ್ಷಿಸುವುದು ಅದಕ್ಕೆ 15 ವರ್ಷ ತುಂಬಿ ನೋಂದಣಿ ನವೀಕರಿಸುವಾಗ. ಆಮೇಲೆ ಐದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. 20 ವರ್ಷ ಮೀರಿದ ಕಾರಿಗೆ 2025ರಲ್ಲಿ ಅದು 10,000 ಆಯಿತು. 50 ವರ್ಷ ದಾಟಿದರೆ 2021ರ ವಿಂಟೇಜ್ ನಿಯಮಗಳ ಗೌರವ, ಪ್ರತ್ಯೇಕ ಸಂಖ್ಯಾಫಲಕ. ನಡುವಣ 35 ವರ್ಷಗಳಲ್ಲಿ ಕಾರು ಸರ್ಕಾರದ ಕಣ್ಣಿಗೆ ಗುಜರಿಯ ದಾರಿಯಲ್ಲಿರುವ ವಸ್ತು. ಹವ್ಯಾಸಿಗಳ ಸ್ಪೋರ್ಟ್ಸ್ ಕಾರುಗಳು ಇರುವುದೆಲ್ಲ ಈ ನಡುವಣ ಪ್ರದೇಶದಲ್ಲೇ. ಶುಲ್ಕ ಏರಿದೆ, ಆದರೆ ಆ ಶುಲ್ಕಕ್ಕೆ ಪ್ರತಿಯಾಗಿ ಮುಂದಿನ ಗ್ರಾಹಕನಿಗೆ ದೊರೆಯುವ ಮಾಹಿತಿ ಏರಿಲ್ಲ.

2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರದ ವ್ಯವಸ್ಥೆ ಜಾರಿಗೆ ಬಂದದ್ದು ಸ್ವಾಗತಾರ್ಹ. ಆದರೆ ಅದು ವ್ಯಾಪಾರಿಯ ಗುರುತನ್ನು ದಾಖಲಿಸುತ್ತದೆಯೇ ಹೊರತು ವಾಹನದ ಚರಿತ್ರೆಯನ್ನಲ್ಲ. ‘ವಾಹನ್’ ದತ್ತಾಂಶಕೋಶದಲ್ಲಿ ವಿಮೆಯ ಅವಧಿ, ಹೊಗೆ ತಪಾಸಣೆಯ ಅವಧಿ ಈಗಾಗಲೇ ಇವೆ. ವಾಹನ ಹೊಗೆ ತಪಾಸಣೆಗೆ ನಿಯತವಾಗಿ ಬಂದೇ ಬರುತ್ತದೆ. ಅಲ್ಲಿಯೇ ಓಡೋಮೀಟರಿನ ಅಂಕಿಯನ್ನೂ ದಾಖಲಿಸಿಕೊಂಡರೆ, ಇಪ್ಪತ್ತು ಸಾವಿರ ಕಿಲೋಮೀಟರಿನ ಹೆಗ್ಗಳಿಕೆಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ವಿಮಾ ಕಂಪನಿ ಪೂರ್ಣ ನಷ್ಟದ ಪರಿಹಾರ ಕೊಟ್ಟ ದಿನವೇ ಆ ನೋಂದಣಿ ಸಂಖ್ಯೆಯ ಮುಂದೆ ಅಳಿಸಲಾಗದ ಒಂದು ಗುರುತು ಬೀಳುವಂತೆ ಮಾಡಬಹುದು. ಮುಳುಗಿದ ಕಾರನ್ನು ಮಾರುವುದನ್ನು ನಿಷೇಧಿಸಬೇಕಿಲ್ಲ. ಮುಳುಗಿತ್ತೆಂದು ತಿಳಿದೂ ಕೊಳ್ಳುವ ಹವ್ಯಾಸಿ ಇದ್ದರೆ ಕೊಳ್ಳಲಿ. ಇದಕ್ಕೆ ಹೊಸ ಕಾಯಿದೆಯ ಅಗತ್ಯವಿಲ್ಲವೆಂಬುದು, ಇಂಥ ಕಡತಗಳೊಡನೆ ಮೂರು ದಶಕ ಕಳೆದ ನನ್ನ ಅಂದಾಜು. ನಿಯಮಗಳಿಗೆ ತಿದ್ದುಪಡಿ ತರುವ ಒಂದು ಅಧಿಸೂಚನೆ, ತಂತ್ರಾಂಶದಲ್ಲಿ ಹೆಚ್ಚುವರಿಯಾಗಿ ಎರಡು ಅಂಕಣ ಸಾಕು.